ಆಫ್ಟರ್‌ಶೇವ್ ಬಾಟಲಿ ಬದಲಿಸುವಾಗ
ಓದುಗರ ಪ್ರಶ್ನೆ, ತಿಳಿದವರ ಉತ್ತರ

ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ಆಫ್ಟರ್‌ಶೇವನ್ನು ಮನೆಯಲ್ಲಿರುವ ಹಳೆಯ ಗಾಜಿನ ಬಾಟಲಿಗೆ ತುಂಬಿ, ಕೈಯಾರೆ ಮಾಡಿದ ಲೇಬಲ್ ಅಂಟಿಸಿಡುವ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಉತ್ತರಗಳೆಲ್ಲ ಸ್ಪಿರಿಟ್ ಇರುವ, ನೀರಿನಂತೆ ಹರಿಯುವ ಆಫ್ಟರ್‌ಶೇವ್‌ಗೆ ಮಾತ್ರ. ಬಾಮ್, ಜೆಲ್, ಲೋಶನ್‌ಗಳನ್ನು ಮನೆಯಲ್ಲಿ ಬಾಟಲಿ ಬದಲಿಸಲು ಹೋಗಬೇಡಿ. ಅವುಗಳಲ್ಲಿ ನೀರಿನಂಶ ಹೆಚ್ಚು, ಬೂಷ್ಟು ಹಿಡಿಯುತ್ತದೆ.

ಗಾಜಿಗೆ ಹಾಕಿದರೆ ನಿಜಕ್ಕೂ ಏನಾದರೂ ಲಾಭವಿದೆಯೇ? ಇದ್ದರೆ ಎಂಥ ಬಾಟಲಿ ಒಳ್ಳೆಯದು?
– ಕೆ.ಎಸ್., ಹಾಸನ

ದಿನಾ ಬಳಸಿ ಆರೇಳು ತಿಂಗಳಲ್ಲಿ ಖಾಲಿ ಮಾಡುವವರಿಗೆ ಪರಿಮಳದಲ್ಲಿ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ. ಕಂಪನಿಯ ಪ್ಲಾಸ್ಟಿಕ್ ಬಾಟಲಿ ಅಷ್ಟು ಕಾಲಕ್ಕೆ ಸಾಕು. ವರ್ಷಗಟ್ಟಲೆ ಇಡುವವರಿಗೆ ಮಾತ್ರ ಗಾಜು ಮೇಲು. ಮೆತ್ತನೆಯ ಪ್ಲಾಸ್ಟಿಕ್ ಗೋಡೆಯ ಮೂಲಕ ಪರಿಮಳದ ಎಣ್ಣೆ ನಿಧಾನವಾಗಿ ಹೊರಗೆ ಹೋಗುತ್ತದೆ, ಗಾಜಿನಲ್ಲಿ ಹೋಗುವುದಿಲ್ಲ. ಉಳಿದದ್ದು ಅಂದಚೆಂದದ ಮಾತು. ಅದೇನೂ ಸಣ್ಣ ಕಾರಣವಲ್ಲ ಬಿಡಿ. 1938ರಲ್ಲಿ ಅಮೆರಿಕದ ಶುಲ್ಟನ್ ಕಂಪನಿ ಗಂಡಸರಿಗಾಗಿ ಓಲ್ಡ್ ಸ್ಪೈಸ್ ತಂದಾಗ ಮೊದಲು ತುಂಬಿದ್ದು ಪಿಂಗಾಣಿಯ ಬಾಟಲಿಗೆ, ಹಾಲುಬಿಳುಪಿನ ಗಾಜು ಬಂದದ್ದು ಆಮೇಲೆ. ಒಳಗಿನ ದ್ರವದಷ್ಟೇ ಹೊರಗಿನ ಬಾಟಲಿಯೂ ಜನರ ನೆನಪಿನಲ್ಲಿ ಉಳಿದಿದೆ.

ಆಯ್ಕೆಗೆ ಬಂದರೆ, ಎಲ್ಲಕ್ಕಿಂತ ಒಳ್ಳೆಯದು ಹಳೆಯ ಆಫ್ಟರ್‌ಶೇವ್ ಬಾಟಲಿಯೇ. ಆಮೇಲೆ ತಿರುಪು ಮುಚ್ಚಳದ ಕಂದು ಗಾಜಿನ ಬಾಟಲಿ. ಸೆಂಟಿನ ಸ್ಪ್ರೇ ಬಾಟಲಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಕತ್ತು ನೋಡಿ. ಪಂಪನ್ನು ತಿರುಗಿಸಿ ಬಿಚ್ಚಲು ಬಂದರೆ ಸರಿ. ಲೋಹದ ಪಟ್ಟಿಯನ್ನು ಕತ್ತಿಗೆ ಒತ್ತಿ ಕೂರಿಸಿದ್ದರೆ ಬಿಟ್ಟುಬಿಡಿ. ಇಕ್ಕಳ ಹಾಕಿ ಎಳೆದರೆ ಕತ್ತಿನ ಅಂಚು ಚಕ್ಕೆ ಏಳುತ್ತದೆ, ಗಾಜಿನ ಚೂರು ಒಳಗೆ ಬೀಳುತ್ತದೆ. ಪಂಪ್ ಬಂದರೂ ಮತ್ತೆ ಕೂರುವುದಿಲ್ಲ.

ಉಪ್ಪಿನಕಾಯಿ, ಎಸೆನ್ಸ್, ವಿನೆಗರ್ ಇದ್ದ ಬಾಟಲಿಗಳನ್ನು ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ. ನಮ್ಮದು ಬೋರ್‌ವೆಲ್ ನೀರು. ಒಣಗಿದ ಮೇಲೆ ಒಳಗೆ ಬೆಳ್ಳಗೆ ಪೊರೆ ಕಟ್ಟುತ್ತದೆ.
– ಜಿ. ಎಂ., ಶಿರಾ

ತಿನ್ನುವ, ಕುಡಿಯುವ ವಸ್ತುವಿನದೆಂದು ಕಾಣುವ ಬಾಟಲಿ ಆಫ್ಟರ್‌ಶೇವ್‌ಗೆ ಬೇಡ, ಕಾರಣ ಮುಂದಿದೆ. ತೊಳೆಯುವ ಮಾತಿಗೆ ಬಂದರೆ, ಗಾಜಿಗೆ ವಾಸನೆ ಹಿಡಿಯುವುದಿಲ್ಲ. ನಿಮಗೆ ಬರುತ್ತಿರುವುದು ಮುಚ್ಚಳದ ವಾಸನೆ. ಮುಚ್ಚಳದೊಳಗೆ ಒಂದು ತೆಳುವಾದ ಬಿಲ್ಲೆ ಇರುತ್ತದಲ್ಲ, ರಟ್ಟಿನದೋ ಫೋಮಿನದೋ, ಹಳೆಯ ವಾಸನೆ ಕೂತಿರುವುದು ಅದರಲ್ಲಿ. ಮುಚ್ಚಳವನ್ನು ಆಚೆಗಿಟ್ಟು ತೊಳೆದ ಬಾಟಲಿಯನ್ನು ಮಾತ್ರ ಮೂಸಿ ನೋಡಿ. ವಾಸನೆ ಬರದಿದ್ದರೆ ಬೇರೆ ಮುಚ್ಚಳ ಹುಡುಕಿ, ತೊಳೆಯುವ ಶ್ರಮ ಬೇಡ.

ತೊಳೆಯುವ ಕ್ರಮ ಹೀಗೆ: ಬೆಚ್ಚಗಿನ ನೀರು ಅರ್ಧ ಬಾಟಲಿ, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಒಂದು ಚಮಚ ಅಕ್ಕಿ. ಬಾಯಿ ಮುಚ್ಚಿ ಒಂದು ನಿಮಿಷ ಜೋರಾಗಿ ಕುಲುಕಿ. ಬ್ರಷ್ ಹೋಗದ ಮೂಲೆಗಳನ್ನು ಅಕ್ಕಿಕಾಳು ಉಜ್ಜುತ್ತದೆ. ಮರಳು ಹಾಕಬೇಡಿ, ಗೀರು ಬೀಳುತ್ತದೆ. ಕುದಿಯುವ ನೀರೂ ಬೇಡ. ಸಾಧಾರಣ ಗಾಜಿಗೆ ಒಮ್ಮೆಲೇ 40 ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ತಗುಲಿದರೆ ಸೀಳುವ ಅಪಾಯವಿದೆ, ಅದರಲ್ಲೂ ತಳ ದಪ್ಪಗಿದ್ದರೆ.

ಬೆಳ್ಳಗಿನ ಪೊರೆ ನಿಮ್ಮ ಗಡಸು ನೀರಿನ ಸುಣ್ಣ. ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ಬಾಟಲಿ ತುಂಬಿ ಅರ್ಧ ಗಂಟೆ ಬಿಟ್ಟರೆ ಕರಗುತ್ತದೆ. ಸೋಸಿದ ಹುಣಸೆಹುಳಿ ನೀರೂ ನಡೆಯುತ್ತದೆ, ಹೊತ್ತು ಹೆಚ್ಚು ಬೇಕು. ಅದಕ್ಕೂ ಹೋಗದಿದ್ದರೆ ಅದು ಸುಣ್ಣವಲ್ಲ, ಗಾಜಿನ ಮೈಯೇ ಸವೆದು ಮಂಜಾಗಿದೆ. ತೊಳೆದು ಸರಿಮಾಡಲು ಆಗದು.

ಕೊನೆಯ ಎರಡು ಸಲ ಜಾಲಿಸಲು ಬೋರ್‌ವೆಲ್ ನೀರು ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಒಂದು ಲೀಟರ್ ಹತ್ತಾರು ಬಾಟಲಿಗೆ ಬರುತ್ತದೆ. ನೀರು ಎಂದೇ ಬರೆದಿರುವ ಕ್ಯಾನ್ ಆಗಿರಲಿ. ಬ್ಯಾಟರಿ ಆ್ಯಸಿಡ್ ಕ್ಯಾನ್ ಅದೇ ಅಂಗಡಿಯಲ್ಲಿ ಪಕ್ಕದಲ್ಲೇ ಇರುತ್ತದೆ.

ಹೊರಗಿನ ಹಳೆಯ ಲೇಬಲ್ ನೀರಿಗೆ ಬಿಡದಿದ್ದರೆ ಕಾಗದದ ಮೇಲಿನ ಪದರ ಕಿತ್ತು, ಉಳಿದ ಅಂಟಿನ ಮೇಲೆ ನೀಲಗಿರಿ ಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಬೆರಳಿನಲ್ಲೇ ಉರುಳಿ ಬರುತ್ತದೆ. ಸೀಮೆಎಣ್ಣೆಗಿಂತ ಇದು ವಾಸಿ, ಕಮಟು ಉಳಿಯುವುದಿಲ್ಲ.

ಬಾಟಲಿ ಬದಲಿಸಿದ ಮೇಲೆ ಆಫ್ಟರ್‌ಶೇವ್ ಹಾಲು ಬೆರೆಸಿದ ಹಾಗೆ ಬಿಳಿಚಿಕೊಂಡಿದೆ. ಕೆಟ್ಟಿತೇ?
– ಪಿ. ಶೆಟ್ಟಿ, ಕುಂದಾಪುರ

ಬಾಟಲಿಯೊಳಗೆ ನೀರು ಉಳಿದಿತ್ತು. ಪರಿಮಳದ ಎಣ್ಣೆಗಳು ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟ್ ಇರುವುದರಿಂದ ಕರಗಿ ನಿಂತಿರುತ್ತವೆ. ನೀರು ಸೇರಿ ಸ್ಪಿರಿಟ್ಟಿನ ಪ್ರಮಾಣ ಇಳಿದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬೇರೆಯಾಗುತ್ತದೆ, ಆ ಹನಿಗಳಿಗೆ ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ನೂರು ಮಿಲಿಲೀಟರಿಗೆ ಕೆಲವೇ ಮಿಲಿಲೀಟರ್ ನೀರು ಸಾಕು.

ಮೊದಲು ಒಂದು ಪರೀಕ್ಷೆ. ಬಾಟಲಿಯನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿದುಕೊಳ್ಳಿ. ತಿಳಿಯಾದರೆ ಅದು ಚಳಿಗೆ ಬಂದ ಮಬ್ಬು, ಚಿಂತೆಯಿಲ್ಲ. ಕುಂದಾಪುರದಲ್ಲಿ ಆ ಸಾಧ್ಯತೆ ಕಡಿಮೆ, ಮಡಿಕೇರಿಯಲ್ಲಿ ಇರಬಹುದು. ತಿಳಿಯಾಗದಿದ್ದರೆ ಸೋಸಲು ಹೋಗಬೇಡಿ, ಸೋಸಿದರೆ ಹೋಗುವುದು ಪರಿಮಳವೇ. ಕುಲುಕಿ ಬಳಸಿ ಬೇಗ ಖಾಲಿ ಮಾಡಿ. ಚರ್ಮಕ್ಕೆ ತೊಂದರೆಯಿಲ್ಲ, ಸುವಾಸನೆ ಮಾತ್ರ ಸಪ್ಪೆ.

ಮುಂದಿನ ಸಲ ತೊಳೆದ ಬಾಟಲಿಯನ್ನು ಬೋರಲು ಹಾಕಿ ಒಂದು ದಿನ ಬಿಡಿ. ಕರಾವಳಿಯ ಮಳೆಗಾಲದಲ್ಲಿ ಎರಡು ದಿನವಾದರೂ ಒಳಗೆ ತೇವ ಆರುವುದಿಲ್ಲ. ಬಾಯಿ ಕೆಳಗಿದ್ದರೆ ತೇವದ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಹನಿ ಇಳಿದ ಮೇಲೆ ಬಾಟಲಿಯನ್ನು ಓರೆ ಮಾಡಿಡಿ. ಕೊನೆಗೆ ಆ ಆಫ್ಟರ್‌ಶೇವನ್ನೇ ಒಂದು ಟೀ ಚಮಚದಷ್ಟು ಹಾಕಿ, ಬಾಟಲಿಯನ್ನು ಉರುಳಿಸಿ ಒಳಗೋಡೆಯೆಲ್ಲ ತೋಯಿಸಿ, ಚೆಲ್ಲಿಬಿಡಿ. ಉಳಿದ ನೀರನ್ನು ಅದು ಎಳೆದುಕೊಂಡು ಹೋಗುತ್ತದೆ. ಒಂದು ಚಮಚ ಹೋಯಿತೆಂದು ಮರುಗಬೇಡಿ, ನೂರು ಮಿಲಿಲೀಟರ್ ಉಳಿಯುತ್ತದೆ.

ಹಳೆಯ ಬಾಟಲಿಯ ಬಾಯಲ್ಲಿ ಸಣ್ಣ ತೂತಿನ ಪ್ಲಾಸ್ಟಿಕ್ ಬಿರಡೆ ಇದೆ. ತುಂಬುವುದು ಹೇಗೆ? ಬಿರಡೆ ತೆಗೆದ ಬಾಟಲಿಗೂ ಲಾಳಿಕೆ ಇಟ್ಟು ಸುರಿದರೆ ಉಕ್ಕಿ ಚೆಲ್ಲುತ್ತದೆ.
– ಎಸ್. ಆರ್., ಧಾರವಾಡ

ಎರಡಕ್ಕೂ ಕಾರಣ ಒಂದೇ: ದ್ರವ ಒಳಗೆ ಹೋಗಬೇಕಾದರೆ ಗಾಳಿ ಹೊರಗೆ ಬರಬೇಕು.

ಬಿರಡೆ ತೆಗೆಯಲು, ಖಾಲಿ ಬಾಟಲಿಯ ಕತ್ತನ್ನು ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ. ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಚಮಚದ ಹಿಡಿಯ ತುದಿಯನ್ನು ಅಂಚಿಗೆ ಕೊಟ್ಟು ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಚಾಕು ಬೇಡ, ಜಾರಿದರೆ ಕೈಗೆ, ಒತ್ತಿದರೆ ಗಾಜಿಗೆ. ಬಿರಡೆಯನ್ನು ಎಸೆಯಬೇಡಿ, ತುಂಬಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ಅದಿಲ್ಲದ ಬಾಟಲಿ ಅಂಗೈಗೆ ಒಮ್ಮೆಲೇ ಸುರಿದು ಅರ್ಧ ನೆಲದ ಪಾಲಾಗುತ್ತದೆ. ಬಿರಡೆ ಹಳತಾಗಿ ಗಟ್ಟಿಯಾಗಿ ಬಿರುಕು ಬಿಡುವಂತಿದ್ದರೆ ತೆಗೆಯದೆ, ಮೆಡಿಕಲ್ ಶಾಪಿನ 10 ಮಿಲಿಲೀಟರ್ ಸಿರಿಂಜಿನಿಂದ ತೂತಿನ ಮೂಲಕವೇ ತುಂಬಿ. ಸಿರಿಂಜಿನ ಮೂತಿ ತೂತನ್ನು ಪೂರ್ತಿ ಮುಚ್ಚದಂತೆ ಓರೆಯಾಗಿ ಹಿಡಿದು ನಿಧಾನ ಒತ್ತಿ.

ಲಾಳಿಕೆಯದು ಸುಲಭ. ಅದರ ಕೊಳವೆ ಕತ್ತಿಗೆ ಬಿಗಿಯಾಗಿ ಕೂತು ಗಾಳಿಯನ್ನು ಕಟ್ಟುತ್ತದೆ. ಲಾಳಿಕೆಗೂ ಬಾಟಲಿಯ ಅಂಚಿಗೂ ನಡುವೆ ಒಂದು ಹಲ್ಲುಕಡ್ಡಿ ಸಿಕ್ಕಿಸಿ. ಅಷ್ಟು ಸಂದು ಸಾಕು, ಗುಳುಗುಳು ಸದ್ದು ನಿಂತು ದ್ರವ ಎಳೆಯಾಗಿ ಇಳಿಯುತ್ತದೆ. ಕೆಳಗೊಂದು ಸ್ಟೀಲ್ ತಟ್ಟೆ ಇರಲಿ. ಪಾಲಿಶ್ ಹಾಕಿದ ಮರದ ಮೇಜಿನ ಮೇಲೆ ಈ ಕೆಲಸ ಮಾಡಬೇಡಿ. ಫ್ರೆಂಚ್ ಪಾಲಿಶ್ ಅಂದರೆ ಅರಗು, ಅದು ಸ್ಪಿರಿಟ್ಟಿಗೆ ಕರಗುತ್ತದೆ. ಹನಿ ಬಿದ್ದ ಕಡೆ ಬಿಳಿ ಕಲೆ ಕಾಯಂ.

ಜಾಗ ಗಾಳಿಯಾಡುವಂತಿರಲಿ. ಬಾಲ್ಕನಿ ಉತ್ತಮ. ಗ್ಯಾಸ್ ಗೀಸರ್ ಇರುವ ಬಚ್ಚಲು, ಅಡುಗೆಮನೆ, ದೀಪ ಊದುಬತ್ತಿ ಉರಿಯುವ ದೇವರಮನೆಯ ಬಳಿ ಬೇಡವೇ ಬೇಡ. ನಮ್ಮ ಊರುಗಳ ಸಾಮಾನ್ಯ ಸೆಕೆಗೇ ಇದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಗಲಿನಲ್ಲಿ ಆ ಉರಿ ಸರಿಯಾಗಿ ಕಣ್ಣಿಗೂ ಕಾಣುವುದಿಲ್ಲ. ಚೆಲ್ಲಿದರೆ ಒದ್ದೆ ಬಟ್ಟೆಯಿಂದ ಒರೆಸಿ.

ಬೇಸಿಗೆಯಲ್ಲಿ ಮುಚ್ಚಳ ಬಿಗಿಯಾಗಿದ್ದರೂ ಬಾಟಲಿಯ ಕತ್ತು ಒದ್ದೆಯಾಗುತ್ತದೆ, ದ್ರವ ಕಡಿಮೆಯಾಗುತ್ತಾ ಬರುತ್ತದೆ. ನೀರು ತುಂಬಿ ತಲೆಕೆಳಗು ಮಾಡಿ ನೋಡಿದಾಗ ಒಂದು ಹನಿಯೂ ಸೋರಿರಲಿಲ್ಲ.
– ಎ. ಪಾಟೀಲ, ರಾಯಚೂರು

ನೀರಿನ ಪರೀಕ್ಷೆಯನ್ನು ಇಲ್ಲಿ ನಂಬುವಂತಿಲ್ಲ. ನೀರಿನ ಮೇಲ್ಮೈ ಬಿಗಿತ, ಅಂದರೆ ಹರಡದೆ ಹನಿಯಾಗಿ ನಿಲ್ಲುವ ಗುಣ, ಸ್ಪಿರಿಟ್ಟಿನ ಮೂರು ಪಟ್ಟಿಗೂ ಹೆಚ್ಚು. ನೀರು ತಡೆದು ನಿಲ್ಲುವ ಸಂದಿಯಲ್ಲಿ ಸ್ಪಿರಿಟ್ ನುಸುಳಿ ಹೋಗುತ್ತದೆ. ಜೊತೆಗೆ ಸ್ಪಿರಿಟ್ ನೀರಿಗಿಂತ ಹೆಚ್ಚು ಹಿಗ್ಗುತ್ತದೆ. ಬೆಳಗಿನ 22 ಡಿಗ್ರಿಯಲ್ಲಿ ತುಂಬಿದ 100 ಮಿಲಿಲೀಟರ್ ಆಫ್ಟರ್‌ಶೇವ್ ನಿಮ್ಮೂರಿನ 42 ಡಿಗ್ರಿ ಮಧ್ಯಾಹ್ನಕ್ಕೆ ಸುಮಾರು 2 ಮಿಲಿಲೀಟರ್ ಹಿಗ್ಗುತ್ತದೆ. ಕಂಠಪೂರ್ತಿ ತುಂಬಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ, ಮುಚ್ಚಳದ ಕೆಳಗಿಂದ ಹೊರಬರುತ್ತದೆ. ಬಾಟಲಿಯ ಭುಜದವರೆಗೆ ಮಾತ್ರ ತುಂಬಿ, ಕತ್ತು ಖಾಲಿ ಬಿಡಿ. ಹಾಗೆಂದು ಅರ್ಧ ಬಾಟಲಿ ತುಂಬಿ ವರ್ಷಗಟ್ಟಲೆ ಇಡುವುದೂ ಸರಿಯಲ್ಲ. ಒಳಗಿನ ಗಾಳಿಗೆ ನಿಂಬೆ, ಕಿತ್ತಳೆಯ ಪರಿಮಳಗಳು ಮೊದಲು ಹಾಳಾಗುತ್ತವೆ.

ಇನ್ನು ಮುಚ್ಚಳ. ಒಳಬಿಲ್ಲೆ ರಟ್ಟಿನದಾದರೆ ಸ್ಪಿರಿಟ್ ಹೀರಿಕೊಂಡು ಉಬ್ಬಿ ಬಿಡುತ್ತದೆ. ಕಾರ್ಕ್ ಆದರೆ ಆವಿ ಹೋಗುವುದಷ್ಟೇ ಅಲ್ಲ, ದ್ರವಕ್ಕೆ ಕಂದು ಬಣ್ಣವೂ ಇಳಿಯುತ್ತದೆ. ಡ್ರಾಪರ್ ಬಾಟಲಿಯ ರಬ್ಬರ್ ಬುಡ್ಡೆ ಕೆಲವು ತಿಂಗಳಲ್ಲಿ ಅಂಟಂಟಾಗಿ ಬಿರುಕು ಬಿಡುತ್ತದೆ. ಗಾಜಿನಂತೆ ಹೊಳೆಯುವ ಗಡಸು ಪ್ಲಾಸ್ಟಿಕ್ಕಿನ ಮುಚ್ಚಳ ಪರಿಮಳದ ಎಣ್ಣೆಗೆ ಸೀಳುತ್ತದೆ. ತುಕ್ಕು ಹಿಡಿದ ತಗಡಿನ ಮುಚ್ಚಳವಂತೂ ಬೇಡ, ಕಬ್ಬಿಣ ತಾಗಿದರೆ ಲವಂಗ, ವೆನಿಲಾ ಛಾಯೆಯ ಪರಿಮಳಗಳ ಬಣ್ಣ ಕಪ್ಪಿಡುತ್ತದೆ. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುವ ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ಕಿನ ಮುಚ್ಚಳ, ಒಳಗೆ ಬಿಳಿ ಫೋಮಿನ ಬಿಲ್ಲೆ, ಈ ಜೋಡಿ ಎಲ್ಲಕ್ಕಿಂತ ನಂಬಿಕಸ್ಥ.

ಇರುವ ಮುಚ್ಚಳದಲ್ಲೇ ಸುಧಾರಿಸಬೇಕಾದರೆ ಪ್ಲಂಬರ್‌ಗಳ ಟೆಫ್ಲಾನ್ ಟೇಪನ್ನು ಕತ್ತಿನ ಥ್ರೆಡ್ಡಿಗೆ ಎರಡು ಸುತ್ತು ಸುತ್ತಿ. ಮುಚ್ಚಳ ಬಿಗಿಯಾಗುವ ದಿಕ್ಕಿಗೇ ಸುತ್ತಬೇಕು, ತಿರುಗುಮುರುಗಾದರೆ ಮುಚ್ಚುವಾಗ ಬಿಚ್ಚಿಕೊಳ್ಳುತ್ತದೆ. ನಾಲ್ಕೈದು ಸುತ್ತು ಹಾಕಿದರೆ ಮುಚ್ಚಳ ಅಂಚಿಗೆ ಕೂರದೆ ಇನ್ನಷ್ಟು ಸೋರುತ್ತದೆ.

ಪರೀಕ್ಷೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತುಂಬಿ, ಮುಚ್ಚಿ, ತೂಗಿ ಬರೆದಿಡಿ. ವಾರದ ಬಳಿಕ ಮತ್ತೆ ತೂಗಿ. ಒಂದು ಗ್ರಾಮಿಗಿಂತ ಹೆಚ್ಚು ಇಳಿದಿದ್ದರೆ ಆ ಮುಚ್ಚಳ ಬೇಡ.

ಚೆಂದದ ಲೇಬಲ್ ಮಾಡಿ ಫೆವಿಕಾಲಿನಲ್ಲಿ ಅಂಟಿಸಿದ್ದೆ. ಅಕ್ಷರ ಹರಡಿತು, ಲೇಬಲ್ ಕಿತ್ತು ಬಂತು. ಪರ್ಮನೆಂಟ್ ಮಾರ್ಕರಿನಲ್ಲಿ ಬರೆದದ್ದೂ ಅಳಿಸಿತು!
– ವಿ. ಎನ್., ಮೈಸೂರು

ಪರ್ಮನೆಂಟ್ ಮಾರ್ಕರಿನ ಶಾಯಿ ನೀರಿಗಷ್ಟೇ ಪರ್ಮನೆಂಟ್. ಅದನ್ನು ಕರಗಿಸಿ ತುಂಬಿರುವುದೇ ಸ್ಪಿರಿಟ್ಟಿನಲ್ಲಿ, ಹಾಗಾಗಿ ಆಫ್ಟರ್‌ಶೇವ್ ತಾಗಿದ ಕೂಡಲೇ ಬಿಡುತ್ತದೆ. ಬಾಲ್‌ಪೆನ್ನೂ ಹಾಗೆಯೇ. ಫೆವಿಕಾಲ್ ಥರದ ಬಿಳಿ ಅಂಟು ಕೂಡ ನೀರು ಬೆರೆತ ಸ್ಪಿರಿಟ್ಟಿಗೆ ಮೆತ್ತಗಾಗುತ್ತದೆ. ಅಂದರೆ ನೀವು ಆರಿಸಿದ್ದೆಲ್ಲವೂ ಬಾಟಲಿಯ ಒಳಗಿರುವುದಕ್ಕೆ ಸೋಲುವಂಥವೇ!

ಬರೆಯಲು ಎಲ್ಲಕ್ಕಿಂತ ಗಟ್ಟಿ ಸೀಸದ ಪೆನ್ಸಿಲ್. ಅದು ನೀರಿಗೂ ಕರಗದು, ಸ್ಪಿರಿಟ್ಟಿಗೂ ಕರಗದು. ಅಚ್ಚುಕಟ್ಟಾಗಿ ಬೇಕೆಂದರೆ ಕಂಪ್ಯೂಟರಿನಲ್ಲಿ ಮಾಡಿ ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ತೆಗೆಸಿ. ಲೇಸರ್ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್, ಸ್ಪಿರಿಟ್ಟಿಗೆ ಹರಡುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಬಣ್ಣ ಹರಡುತ್ತದೆ. ಅನುಮಾನವಿದ್ದರೆ ಒಂದು ಚೂರಿನ ಮೇಲೆ ಆಫ್ಟರ್‌ಶೇವ್ ಅದ್ದಿದ ಹತ್ತಿಯಿಂದ ಹತ್ತು ಸಲ ಉಜ್ಜಿ ನೋಡಿ.

ಅಳತೆಗೆ, ಕಾಗದದ ಪಟ್ಟಿಯನ್ನು ಬಾಟಲಿಗೆ ಸುತ್ತಿ ಗುರುತು ಹಾಕಿ. 45 ಮಿಲಿಮೀಟರ್ ಅಡ್ಡಗಲದ ಬಾಟಲಿಗೆ ಸುತ್ತಳತೆ 141 ಮಿಲಿಮೀಟರ್ ಬರುತ್ತದೆ. ಪೂರ್ತಿ ಸುತ್ತಬೇಡಿ, ಎಷ್ಟು ಉಳಿದಿದೆ ಎಂದು ಕಾಣಲು ಹಿಂದೆ ಕಿಟಕಿ ಬೇಕು. 90 ಮಿಲಿಮೀಟರ್ ಅಗಲ, 45 ಎತ್ತರ ಚೆನ್ನಾಗಿ ಕೂರುತ್ತದೆ, ಒಂದು ಎ4 ಹಾಳೆಯಲ್ಲಿ ಹನ್ನೆರಡು ಆಗುತ್ತವೆ. ಲೇಬಲಿನ ಮೇಲಂಚು ಭುಜದ ತಿರುವಿಗಿಂತ ಒಂದು ಸೆಂಟಿಮೀಟರ್ ಕೆಳಗಿರಲಿ. ತಿರುವಿನ ಮೇಲೆ ಅಂಟಿಸಿದರೆ ಸುಕ್ಕು ಬಿದ್ದು ಅಲ್ಲಿಂದಲೇ ಏಳುತ್ತದೆ. ಎಲ್ಲೆಡೆ ಉಬ್ಬುತಗ್ಗಿರುವ ಬಾಟಲಿಗೆ ಅಂಟಿಸುವ ಗೋಜೇ ಬೇಡ, ಕತ್ತಿಗೆ ದಾರದಲ್ಲಿ ಚೀಟಿ ಕಟ್ಟಿ.

ಅಂಟಿಗೆ ಮೈದಾ ಗೋಂದು. ಒಂದು ಚಮಚ ಮೈದಾ, ಐದು ಚಮಚ ನೀರು, ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಳುಪು ಹೋಗಿ ಅರೆಪಾರದರ್ಶಕವಾಗುವವರೆಗೆ ಕಾಯಿಸಿ. ಸ್ಪಿರಿಟ್ ಇದನ್ನು ಕರಗಿಸಲಾರದು. ಬೇಡವಾದಾಗ ಬೆಚ್ಚಗಿನ ನೀರಿಗೆ ಬಿಟ್ಟುಕೊಡುತ್ತದೆ, ಬಾಟಲಿಯನ್ನು ಮತ್ತೆ ಬಳಸುವವರಿಗೆ ಅದೇ ದೊಡ್ಡ ಅನುಕೂಲ. ಬೈಂಡಿಂಗ್ ಕೆಲಸದವರು ಹುಳ ಬಾರದಂತೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮನೆಯ ನಾಲ್ಕು ಲೇಬಲಿಗೆ ಬೇಕಿಲ್ಲ. ಗೋಂದನ್ನು ತೀರಾ ತೆಳುವಾಗಿ ಹಚ್ಚಿ. ಗಾಜು ತೇವ ಹೀರುವುದಿಲ್ಲ, ಒಣಗುವುದೇನಿದ್ದರೂ ಕಾಗದದ ಮೂಲಕವೇ. ದಪ್ಪಗೆ ಹಚ್ಚಿದರೆ ಒಳಗೇ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಏಳುತ್ತದೆ. ನಡುವಿನಿಂದ ಅಂಚಿಗೆ ಬಟ್ಟೆಯಿಂದ ಒತ್ತಿ, ಒಂದು ದಿನ ಪೂರ್ತಿ ಒಣಗಿಸಿ. ಬಾಟಲಿ ತುಂಬುವುದು ಆಮೇಲೆ.

ಒಣಗಿದ ಲೇಬಲಿನ ಮೇಲೆ ಬಿಳಿ ಮೇಣದಬತ್ತಿಯನ್ನು ಉಜ್ಜಿ ಬಟ್ಟೆಯಿಂದ ತಿಕ್ಕಿದರೆ ಬಚ್ಚಲ ತೇವಕ್ಕೂ ತಡೆ, ಸ್ಪಿರಿಟ್ಟಿಗೂ ತಡೆ. ಅಂಚುಗಳಿಗೆ ಎರಡು ಸಲ ಉಜ್ಜಿ. ವಾರ್ನಿಶ್, ಅರಗಿನ ಪಾಲಿಶ್ ಯಾವುದೂ ಬೇಡ. ಸುರಿಯುವಾಗ ಲೇಬಲ್ ಅಂಗೈ ಕಡೆಗಿರುವಂತೆ ಬಾಟಲಿ ಹಿಡಿದರೆ ಹನಿ ಹಿಂಬದಿಯಲ್ಲಿ ಇಳಿಯುತ್ತದೆ. ಲ್ಯಾಬುಗಳಲ್ಲಿ ಮೊದಲ ದಿನವೇ ಕಲಿಸುವ ಅಭ್ಯಾಸ ಇದು.

ಲೇಬಲಿನಲ್ಲಿ ಏನೇನು ಬರೆಯಬೇಕು? ಕೆಮ್ಮಿನ ಔಷಧಿಯ ಬಾಟಲಿ, ಕ್ವಾರ್ಟರ್ ಬಾಟಲಿ ಬಳಸಬಹುದೇ?
– ಆರ್., ಚಿಕ್ಕಬಳ್ಳಾಪುರ

ಕ್ವಾರ್ಟರ್ ಬಾಟಲಿ ಖಂಡಿತ ಬೇಡ. ಸೌಂದರ್ಯವರ್ಧಕಗಳಿಗೆ ಹಾಕುವ ಸ್ಪಿರಿಟ್ಟಿಗೆ ಕುಡಿಯಲಾಗದಂತೆ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಬಾಟಲಿಯ ಆಕಾರ ನೋಡಿ ಕತ್ತಲಲ್ಲಿ ಯಾರೋ ಬಾಯಿಗಿಟ್ಟರೆ ನಿಮ್ಮ ಲೇಬಲ್ ಓದುವವರಾರು? ಕೆಮ್ಮಿನ ಸಿರಪ್ ಬಾಟಲಿಯೂ ಅದೇ ಕಾರಣಕ್ಕೆ ಬೇಡ, ಮಕ್ಕಳು ಹಿರಿಯರು ಇರುವ ಮನೆಯಲ್ಲಿ ಮುಖ್ಯವಾಗಿ. ಜ್ಯೂಸ್, ಎಸೆನ್ಸಿನ ಬಾಟಲಿಗಳಿಗೂ ಇದೇ ಮಾತು. ಅಪ್ಪಿತಪ್ಪಿ ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಮೂಲ ಬಾಟಲಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.

ದೊಡ್ಡ ಅಕ್ಷರದಲ್ಲಿ “ಆಫ್ಟರ್‌ಶೇವ್: ಮುಖಕ್ಕೆ ಮಾತ್ರ, ಕುಡಿಯಬಾರದು”, ಕೆಳಗೆ “ಬೆಂಕಿಯಿಂದ ದೂರವಿಡಿ”. ಸಣ್ಣದಾಗಿ ಮೂಲ ಹೆಸರು, ಬ್ಯಾಚ್ ನಂಬರ್, ಬಳಕೆಯ ಕೊನೆಯ ದಿನಾಂಕ, ನೀವು ತುಂಬಿದ ದಿನ. ಮೂಲ ಬಾಟಲಿಯ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮುಖ ಕೆಂಪಾಗಿ ತುರಿಸಿದರೆ ಚರ್ಮದ ಡಾಕ್ಟರ್ ಮೊದಲು ಕೇಳುವುದು ಅದರಲ್ಲಿ ಏನಿತ್ತು ಎಂದು. ಹಳತು ಸ್ವಲ್ಪ ಉಳಿದಿರುವಾಗಲೇ ಹೊಸತು ಸುರಿಯಬೇಡಿ, ಆಗ ಲೇಬಲಿನ ದಿನಾಂಕಕ್ಕೆ ಅರ್ಥವಿಲ್ಲ.

ತುಂಬುವಾಗಲೇ ಪಟಿಕದ ಪುಡಿ ಹಾಕಿದರೆ ರಕ್ತ ಬೇಗ ನಿಲ್ಲುತ್ತದೆಯಲ್ಲವೇ?
– ಬಿ. ಕೆ., ಗದಗ

ಪಟಿಕ ನೀರಿನಲ್ಲಿ ಕರಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ. ತಳದಲ್ಲಿ ಹರಳು ಕೂತು ಬಿರಡೆಯ ತೂತು ಕಟ್ಟುತ್ತದೆ. ಕ್ಷೌರದ ಅಂಗಡಿಯಲ್ಲಿ ಮಾಡುವ ಹಾಗೆ ಪಟಿಕದ ಗಡ್ಡೆಯನ್ನೇ ಒದ್ದೆ ಮುಖಕ್ಕೆ ಉಜ್ಜಿ, ತೊಳೆದು, ಆಮೇಲೆ ಆಫ್ಟರ್‌ಶೇವ್ ಹಚ್ಚಿ.

ಕಿಟಕಿಯ ಬಳಿ ಸಾಲಾಗಿ ಇಟ್ಟರೆ ಬಣ್ಣ ಚೆನ್ನಾಗಿ ಕಾಣುತ್ತದೆ. ಹಾಗೆ ಇಡಬಹುದೇ?
– ಲತಾ, ಬೆಂಗಳೂರು

ಬಣ್ಣ ನೋಡಲೆಂದೇ ಇಟ್ಟರೆ ಮೊದಲು ಹೋಗುವುದೂ ಬಣ್ಣವೇ. ನೀಲಿ, ಹಸಿರು ಬಣ್ಣ ಬಿಸಿಲಿಗೆ ಬಿಳಚುತ್ತವೆ, ವೆನಿಲಾ ಇರುವುದು ಕಂದಾಗುತ್ತದೆ. ಬಣ್ಣವಿಲ್ಲದ ಗಾಜಿನದನ್ನು ಅಲ್ಮೇರಾದಲ್ಲಿಡಿ, ಕಿಟಕಿಗೆ ಖಾಲಿ ಬಾಟಲಿಗಳು ಸಾಕು.

ಹೀಗೆ ತುಂಬಿದ್ದನ್ನು ಸಂಘದ ಮೇಳದಲ್ಲಿ ಮಾರಬಹುದೇ?
– ಎಂ. ಡಿ., ಶಿವಮೊಗ್ಗ

ಬೇಡ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟದ ಬಾಟಲಿಯ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್, ಬಳಕೆಯ ಅವಧಿ ಇರಲೇಬೇಕು. ಮನೆಯ ಲೇಬಲ್ ಅದಕ್ಕೆ ಬದಲಿಯಲ್ಲ. ಕಂಪನಿಯ ಹೆಸರು ಹಾಕಿ ಮಾರಿದರೆ ಟ್ರೇಡ್‌ಮಾರ್ಕ್ ತಕರಾರು ಬೇರೆ. ಖಾಲಿ ಬಾಟಲಿ, ಲೇಬಲ್ ಮಾರುವುದಕ್ಕೆ ಅಡ್ಡಿಯಿಲ್ಲ.

ದುಬೈಗೆ ಮರಳುವಾಗ ಇಂಥ ಬಾಟಲಿ ಒಯ್ಯಬಹುದೇ?
– ಎಚ್., ಭಟ್ಕಳ

ಕೈಚೀಲದಲ್ಲಾದರೆ ಬಾಟಲಿಯ ಅಳತೆಯೇ 100 ಮಿಲಿಲೀಟರ್ ಮೀರಬಾರದು. 150ರ ಬಾಟಲಿಯಲ್ಲಿ 50 ತುಂಬಿದ್ದರೂ ತೆಗೆದಿಡುತ್ತಾರೆ. ಅಳತೆ ಗಾಜಿನ ತಳದಲ್ಲಿ ಅಚ್ಚಾಗಿರದಿದ್ದರೆ ವಾದಕ್ಕೆ ಜಾಗವಾಗುತ್ತದೆ. ಕೈಬರಹದ ಲೇಬಲ್ ನೋಡಿ ಅನುಮಾನಿಸುವುದೂ ಸಹಜ. ಪ್ರಯಾಣಕ್ಕೆ ಕಂಪನಿಯ ಬಾಟಲಿಯನ್ನೇ ಚೆಕ್-ಇನ್ ಪೆಟ್ಟಿಗೆಯಲ್ಲಿ, ಜಿಪ್ ಕವರಿನೊಳಗೆ ಹಾಕಿ ಒಯ್ಯಿರಿ. ಒಂದೊಂದು ಬಾಟಲಿ ಅರ್ಧ ಲೀಟರ್ ಒಳಗೆ, ಇಂಥ ವಸ್ತುಗಳೆಲ್ಲ ಸೇರಿ ಎರಡು ಲೀಟರ್ ಒಳಗೆ ಇರಬೇಕು. ಅಲ್ಲಿ ತಲುಪಿದ ಮೇಲೆ ಗಾಜಿಗೆ ತುಂಬಿಕೊಳ್ಳಿ.